ಪೊಲೀಸರು ತಡೆದರೆ, ಕರೆದರೆ, ಹಿಡಿದರೆ: ಪದೇ ಪದೇ ಕೇಳುವ ಪ್ರಶ್ನೆಗಳು

ಇಂಥ ಪ್ರಶ್ನೆಗಳನ್ನು ಯಾರೂ ಬಿಡುವಾಗಿ ಕೂತು ಕೇಳುವುದಿಲ್ಲ. ಮಗನನ್ನೋ ತಮ್ಮನನ್ನೋ ಜೀಪಿನಲ್ಲಿ ಕೂರಿಸಿಕೊಂಡು ಹೋಗಿರುತ್ತಾರೆ, ಮನೆಯವರು ಠಾಣೆಯ ಹೊರಗೆ ನಿಂತು ಫೋನ್ ಮಾಡುತ್ತಿರುತ್ತಾರೆ. ಅದಕ್ಕೇ ಉತ್ತರಗಳು ನೇರವಾಗಿವೆ. ಒಂದು ವಿಷಯ ಮೊದಲೇ ಹೇಳಿಬಿಡುತ್ತೇನೆ. 2024ರ ಜುಲೈ 1ರಿಂದ, ಬಂಧನ, ತನಿಖೆ ಹೇಗೆ ನಡೆಯಬೇಕು ಅಂತ ಹೇಳುವ ಹಳೆಯ ಸಿಆರ್‌ಪಿಸಿ (ದಂಡ ಪ್ರಕ್ರಿಯಾ ಸಂಹಿತೆ) ಹೋಗಿ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆ ಬಂದಿದೆ. ವಕೀಲರು ಅದನ್ನು ಬಿಎನ್‌ಎಸ್‌ಎಸ್ ಅನ್ನುತ್ತಾರೆ. ಸೆಕ್ಷನ್ ನಂಬರ್‌ಗಳು ಬದಲಾಗಿವೆ, ಬಂಧನದ ವೇಳೆಯ ಹಕ್ಕುಗಳು ಹೆಚ್ಚೂ ಕಡಿಮೆ ಮೊದಲಿನವೇ. ಬೇರೆ ಕಾನೂನಿನ ಹೆಸರು ಹೇಳದ ಕಡೆ ಕೊಟ್ಟಿರುವ ಸೆಕ್ಷನ್‌ಗಳು ಬಿಎನ್‌ಎಸ್‌ಎಸ್‌ನವು.

ರಸ್ತೆಯಲ್ಲಿ ಗಾಡಿ ತಡೆದರು. ಏನು ತೋರಿಸಬೇಕು?

ಸಮವಸ್ತ್ರದಲ್ಲಿರುವ ಪೊಲೀಸ್ ಅಧಿಕಾರಿ ಕೇಳಿದರೆ ಲೈಸೆನ್ಸ್ ತೋರಿಸಲೇಬೇಕು. ಇದು ಮೋಟಾರು ವಾಹನ ಕಾಯ್ದೆಯ ಸೆಕ್ಷನ್ 130. ಡಿಜಿಲಾಕರ್ ಅಥವಾ ಎಂಪರಿವಾಹನ್ ಆ್ಯಪ್‌ನಲ್ಲಿರುವ ದಾಖಲೆ ಸಾಕು. ಗ್ಯಾಲರಿಯಲ್ಲಿರುವ ಫೋಟೊ ಮಾತ್ರ ಸಾಲದು, ಎರಡನ್ನೂ ಒಂದೇ ಅಂದುಕೊಂಡು ಜಗಳಕ್ಕೆ ನಿಲ್ಲುವವರು ಜಾಸ್ತಿ. ಲೈಸೆನ್ಸ್ ಇಟ್ಟುಕೊಂಡರೆ ಸ್ವೀಕೃತಿ ಚೀಟಿ ಕೇಳಿ. ದಂಡ ಕಟ್ಟಿದರೆ ರಸೀದಿ ಕೇಳಿ.

ನಡೆದು ಹೋಗುತ್ತಿದ್ದವನನ್ನು ನಿಲ್ಲಿಸಿ ಹೆಸರು, ವಿಳಾಸ ಕೇಳಿದರೆ?

ಹೇಳಿಬಿಡಿ. ಪೊಲೀಸರ ಕಣ್ಣೆದುರಿಗೇ ಚಿಕ್ಕ ತಪ್ಪು ಮಾಡಿದವನು ಹೆಸರು, ವಿಳಾಸ ಹೇಳಲು ಒಪ್ಪದಿದ್ದರೆ, ಅದನ್ನು ತಿಳಿದುಕೊಳ್ಳಲೆಂದೇ ಬಂಧಿಸಲು ಸೆಕ್ಷನ್ 39 ಅವಕಾಶ ಕೊಡುತ್ತದೆ. ನೀವು ಏನೂ ಮಾಡಿಲ್ಲದಿರಬಹುದು. ಆದರೂ ಹೆಸರು ಮುಚ್ಚಿಡುವುದರಿಂದ ಸಿಗುವುದು ಏನೂ ಇಲ್ಲ. ಹೇಳಿದ ಮೇಲೆ ಒಂದೇ ಮಾತು ಕೇಳಿ: "ಸಾರ್, ನಾನಿನ್ನು ಹೊರಡಲಾ?" ಹೊರಡು ಅಂದರೆ ಹೊರಡಿ. ಇಲ್ಲ ಅಂದರೆ ಯಾಕೆ ಅಂತ ಕೇಳಿ, ಕೈಗಡಿಯಾರ ನೋಡಿಕೊಳ್ಳಿ. ಗಡಿಯಾರ ಯಾಕೆ ಅನ್ನುವುದು ಮುಂದೆ ಗೊತ್ತಾಗುತ್ತದೆ.

ಮೊಬೈಲ್ ಕಿತ್ತುಕೊಂಡು ಅನ್‌ಲಾಕ್ ಮಾಡು ಅಂದರೆ?

ಕೇಸಿಗೆ ಸಂಬಂಧವಿದ್ದರೆ ಮೊಬೈಲನ್ನು ವಶಕ್ಕೆ ಪಡೆಯಬಹುದು, ವಶಕ್ಕೆ ಪಡೆದದ್ದಕ್ಕೆ ಬರಹದ ದಾಖಲೆ ಇರಬೇಕು. ರಸ್ತೆಯಲ್ಲಿ ನಿಲ್ಲಿಸಿಕೊಂಡು ಸುಮ್ನೆ ವಾಟ್ಸ್‌ಆ್ಯಪ್ ಜಾಲಾಡುವುದು ಬೇರೆ ಮಾತು. 2021ರಲ್ಲಿ ಕರ್ನಾಟಕ ಹೈಕೋರ್ಟ್ ವೀರೇಂದ್ರ ಖನ್ನಾ ಪ್ರಕರಣದಲ್ಲಿ ಇದನ್ನು ವಿವರವಾಗಿ ನೋಡಿದೆ. ಪಾಸ್‌ವರ್ಡ್ ಕೊಡಲು ಒಪ್ಪದಿದ್ದರೆ ತನಿಖಾಧಿಕಾರಿ ಕೋರ್ಟಿಗೆ ಹೋಗಿ ಸರ್ಚ್ ವಾರಂಟ್ ತರಬೇಕು. "ವಾರಂಟ್ ಇದ್ದರೆ ತೋರಿಸಿ ಸಾರ್" ಅನ್ನುವುದು ಉದ್ಧಟತನ ಅಲ್ಲ.

"ಸುಮ್ನೆ ವಿಚಾರಣೆಗೆ ಬಾ" ಅಂತ ಫೋನ್ ಬಂತು. ಹೋಗಲೇಬೇಕಾ?

ಫೋನ್ ಕರೆ ನೋಟಿಸ್ ಅಲ್ಲ. ನಿಮ್ಮ ಮೇಲೆಯೇ ದೂರು ಇದ್ದು, ಬಂಧಿಸುವ ಅಗತ್ಯ ಇಲ್ಲದಿದ್ದರೆ ಸೆಕ್ಷನ್ 35(3)ರ ನೋಟಿಸ್ ಕೊಡಬೇಕು. ಸಾಕ್ಷಿಯಾಗಿ ಕರೆಯುವುದಾದರೆ ಸೆಕ್ಷನ್ 179ರಲ್ಲಿ ಬರೆದು ಕರೆಯಬೇಕು. 35ರ ನೋಟಿಸನ್ನು ವಾಟ್ಸ್‌ಆ್ಯಪ್‌ನಲ್ಲಿ ಕಳಿಸಿದರೆ ನಡೆಯುವುದಿಲ್ಲ ಅಂತ ಸುಪ್ರೀಂ ಕೋರ್ಟ್ 2025ರ ಜನವರಿಯಲ್ಲಿ ಹೇಳಿದೆ.

ನೋಟಿಸ್ ಕೈಗೆ ಬಂದ ಮೇಲೆ ಹೋಗದೆ ಇರಬೇಡಿ. ಹೋದರೆ, ಕೇಳಿದ್ದಕ್ಕೆ ಸಹಕರಿಸಿದರೆ, ಬಂಧಿಸಲು ಪೊಲೀಸರು ಬೇರೆ ಕಾರಣವನ್ನು ಬರೆದು ತೋರಿಸಬೇಕಾಗುತ್ತದೆ. ಹೋಗದಿದ್ದರೆ ಆ ಕಾರಣವನ್ನು ನೀವೇ ಕೊಟ್ಟ ಹಾಗೆ.

ಸಾಕ್ಷಿಯಾಗಿ ಕರೆಯುವಾಗ ಹೆಂಗಸರು, 15 ವರ್ಷದೊಳಗಿನ ಹುಡುಗರು, 60 ದಾಟಿದ ಗಂಡಸರು, ಅಂಗವಿಕಲರು, ತೀವ್ರ ಕಾಯಿಲೆ ಇರುವವರು ಠಾಣೆಗೆ ಬರಲೇಬೇಕು ಅನ್ನುವಂತಿಲ್ಲ. ಅವರಿರುವ ಕಡೆಗೇ ಪೊಲೀಸರು ಬರಬೇಕು. ಅಜ್ಜಿಯನ್ನು ಆಟೊದಲ್ಲಿ ಕೂರಿಸಿಕೊಂಡು ಠಾಣೆಗೆ ಓಡುವ ಮುಂಚೆ ಇದು ನೆನಪಿರಲಿ.

ಬೆಳಿಗ್ಗೆಯಿಂದ ಠಾಣೆಯಲ್ಲಿ ಕೂರಿಸಿದ್ದಾರೆ. ಕೇಳಿದರೆ ಅರೆಸ್ಟ್ ಅಲ್ಲ ಅಂತಾರೆ. ಹಾಗಾದರೆ ಇದೇನು?

ಕಾನೂನುಬಾಹಿರ ಬಂಧನ ಅಂದ ಕೂಡಲೇ ನಮ್ಮ ಕಣ್ಣಿಗೆ ಬರುವುದು ಲಾಕಪ್ಪು, ಬೇಡಿ. ನಿಜವಾಗಿ ಅದು ಹೆಚ್ಚಾಗಿ ನಡೆಯುವುದು ಬೆಂಚಿನ ಮೇಲೆ. ಒಬ್ಬನನ್ನು ಕರೆತಂದ ಗಳಿಗೆಗೂ "ದಸ್ತಗಿರಿ ಮಾಡಲಾಗಿದೆ" ಅಂತ ಕಾಗದದಲ್ಲಿ ಬರೆದ ಗಳಿಗೆಗೂ ನಡುವೆ ಇರುವ ಸಮಯ ಯಾವ ಲೆಕ್ಕಕ್ಕೂ ಬರುವುದಿಲ್ಲ. ಹೊಡೆತ, ಬೆದರಿಕೆ, ಖಾಲಿ ಹಾಳೆಗೆ ಸಹಿ ಎಲ್ಲಕ್ಕೂ ಅದೇ ಹೊತ್ತು.

ಸಂವಿಧಾನದ 22(2)ನೇ ವಿಧಿ ಮತ್ತು ಸೆಕ್ಷನ್ 58ರ ಪ್ರಕಾರ, ಬಂಧಿಸಿದವರನ್ನು 24 ಗಂಟೆಯೊಳಗೆ ಮ್ಯಾಜಿಸ್ಟ್ರೇಟ್ ಮುಂದೆ ನಿಲ್ಲಿಸಬೇಕು. ಪ್ರಯಾಣದ ಸಮಯವನ್ನಷ್ಟೇ ಬಿಡಬಹುದು. ಭಾನುವಾರ, ಹಬ್ಬ ಅನ್ನುವ ನೆಪ ಇಲ್ಲ, ಮ್ಯಾಜಿಸ್ಟ್ರೇಟ್ ಮನೆಗಾದರೂ ಕರೆದೊಯ್ಯಬೇಕು. ಈ 24 ಗಂಟೆ ಯಾವಾಗ ಶುರು? ದಸ್ತಗಿರಿ ಮೆಮೊ, ಅಂದರೆ ಬಂಧನದ ದಾಖಲೆ ಪತ್ರ, ಬರೆದಾಗ ಅಲ್ಲ, ಎದ್ದು ಹೋಗುವ ಸ್ವಾತಂತ್ರ್ಯ ತಪ್ಪಿದಾಗ. ಬಾಂಬೆ ಹೈಕೋರ್ಟ್ ಇದನ್ನು 1990ರಲ್ಲೇ ಹೇಳಿತ್ತು, ತೆಲಂಗಾಣ ಹೈಕೋರ್ಟ್ 2024ರಲ್ಲಿ ಮತ್ತೆ ಹೇಳಿತು. "ವಿಚಾರಣೆಗೆ ಕೂರಿಸಿದ್ದೇವೆ" ಅನ್ನುವ ಮೂರನೇ ಬಗೆ ಕಾನೂನಿನಲ್ಲಿಲ್ಲ. ಎದ್ದು ಹೋಗಬಹುದು, ಇಲ್ಲವೇ ಬಂಧನದಲ್ಲಿದ್ದೀರಿ.

ಒಮ್ಮೆ ಪರಿಚಯದ ಹುಡುಗನೊಬ್ಬನಿಗಾಗಿ ನಾನೂ ಅಂಥ ಬೆಂಚಿನ ಮೇಲೆ ಕೂತಿದ್ದೆ. ಬೆಳಿಗ್ಗೆ ಒಂಬತ್ತೂವರೆಗೆ ಮನೆಯಿಂದ ಕರೆದೊಯ್ದಿದ್ದರು. ರಾತ್ರಿ ಹತ್ತರ ಮೇಲೆ ಮೆಮೊ ಬರೆಯಲು ಕೂತರು. ಸಮಯದ ಕಾಲಂನಲ್ಲಿ "ರಾತ್ರಿ 9-15" ಅಂತ ಬಿತ್ತು. ಹುಡುಗನ ತಾಯಿ, "ಬೆಳಿಗ್ಗೆ ಅಲ್ವಾ ಸಾರ್ ಕರ್ಕೊಂಡು ಬಂದಿದ್ದು?" ಅಂದರು. ಬರೆಯುತ್ತಿದ್ದವರು ತಲೆ ಎತ್ತಲಿಲ್ಲ. ಆದರೆ ಆ ತಾಯಿ ಜೀಪು ಹೊರಟ ಕೂಡಲೇ ತಮ್ಮನಿಗೆ ಫೋನ್ ಮಾಡಿದ್ದರು, 9.41ಕ್ಕೆ. ಮರುದಿನ ವಕೀಲರು ಆ ಕಾಲ್ ಲಿಸ್ಟ್ ಮುಂದಿಟ್ಟಾಗ ಮ್ಯಾಜಿಸ್ಟ್ರೇಟ್ ಮೆಮೊವನ್ನು ಇನ್ನೊಂದು ಸಲ ಓದಿದರು. ಆಮೇಲೆ ಕೇಳಿದ ಮೊದಲ ಪ್ರಶ್ನೆ ಪೊಲೀಸರಿಗೆ.

ಆದ್ದರಿಂದ ಯಾರನ್ನಾದರೂ ಕರೆದೊಯ್ದ ಕೂಡಲೇ ಮನೆಯವರು ಒಂದು ಮೆಸೇಜ್ ಕಳಿಸಿ, ಯಾರಿಗಾದರೂ ಸರಿ: "ಇಷ್ಟು ಹೊತ್ತಿಗೆ, ಇಂಥ ಗಾಡಿಯಲ್ಲಿ, ಇಷ್ಟು ಜನ ಬಂದು ಕರೆದೊಯ್ದರು." ಮಧ್ಯಾಹ್ನದ ಹೊತ್ತಿಗೆ ಎಸ್‌ಪಿ ಅಥವಾ ಕಮಿಷನರ್ ಕಚೇರಿಗೆ ಅದನ್ನೇ ಇಮೇಲ್ ಮಾಡಿ. ಸಮಯ ತಾನಾಗಿ ದಾಖಲಾಗುತ್ತದೆ, ಆಮೇಲೆ ಯಾರೂ ತಿದ್ದಲಾಗದು.

ಬಂಧಿಸುವಾಗ ಪೊಲೀಸರು ಏನೇನು ಮಾಡಲೇಬೇಕು?

ಇದರ ಹಿಂದೆ ಒಂದು ಪತ್ರದ ಕಥೆ ಇದೆ. 1986ರಲ್ಲಿ ಪಶ್ಚಿಮ ಬಂಗಾಳದ ಕಾನೂನು ನೆರವು ಸಂಸ್ಥೆಯ ಡಿ.ಕೆ. ಬಸು, ಲಾಕಪ್ ಸಾವುಗಳ ಬಗ್ಗೆ ಪೇಪರಿನಲ್ಲಿ ಬಂದದ್ದನ್ನು ಉಲ್ಲೇಖಿಸಿ ಸುಪ್ರೀಂ ಕೋರ್ಟಿನ ಮುಖ್ಯ ನ್ಯಾಯಮೂರ್ತಿಗೆ ಪತ್ರ ಬರೆದರು. ಕೋರ್ಟ್ ಅದನ್ನೇ ಅರ್ಜಿ ಅಂತ ತೆಗೆದುಕೊಂಡಿತು. 1996ರ ಡಿಸೆಂಬರ್ 18ರಂದು 11 ಸೂಚನೆಗಳ ತೀರ್ಪು ಬಂತು. ಅವುಗಳಲ್ಲಿ ಹಲವು ಈಗ ಕಾನೂನೇ ಆಗಿವೆ.

ಬಂಧಿಸುವ ಅಧಿಕಾರಿಯ ಹೆಸರಿನ ಪಟ್ಟಿ ಕಾಣುವಂತಿರಬೇಕು. ಸ್ಥಳದಲ್ಲೇ ದಸ್ತಗಿರಿ ಮೆಮೊ ಬರೆಯಬೇಕು, ಅದಕ್ಕೆ ಮನೆಯವರೊಬ್ಬರೋ ಆ ಬೀದಿಯ ಗೌರವಸ್ಥರೊಬ್ಬರೋ ಸಾಕ್ಷಿ ಸಹಿ ಹಾಕಬೇಕು, ಬಂಧಿತರ ಸಹಿಯೂ ಬೇಕು. ಯಾವ ಆರೋಪ, ಯಾಕೆ ಬಂಧನ, ಜಾಮೀನು ಸಿಗುವ ಅಪರಾಧವೇ ಅನ್ನುವುದನ್ನು ಹೇಳಬೇಕು. ಬಂಧಿತರು ಹೆಸರಿಸಿದ ಒಬ್ಬರಿಗೆ, ನೆಂಟರೋ ಸ್ನೇಹಿತರೋ, ಕೂಡಲೇ ತಿಳಿಸಬೇಕು. ಇವೆಲ್ಲ ಸೆಕ್ಷನ್ 36, 47, 48ರಲ್ಲಿವೆ.

ಕಾರಣ ಹೇಳುವುದು ಬಾಯಿಮಾತಿನಲ್ಲಿ ಮುಗಿಯುವುದಿಲ್ಲ. 2025ರ ನವೆಂಬರ್‌ನಲ್ಲಿ ಮಿಹಿರ್ ರಾಜೇಶ್ ಶಾ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್, ಯಾವ ಅಪರಾಧವೇ ಇರಲಿ, ಬಂಧನದ ಕಾರಣವನ್ನು ಬಂಧಿತರಿಗೆ ಅರ್ಥವಾಗುವ ಭಾಷೆಯಲ್ಲಿ ಬರೆದು ಕೊಡಬೇಕು ಅಂದಿತು. ಆ ಕ್ಷಣಕ್ಕೆ ಆಗದಿದ್ದರೆ ಬಾಯಲ್ಲಿ ಹೇಳಿ, ಮ್ಯಾಜಿಸ್ಟ್ರೇಟ್ ಮುಂದೆ ಹಾಜರುಪಡಿಸುವ 2 ಗಂಟೆ ಮೊದಲಾದರೂ ಬರೆದದ್ದನ್ನು ಕೊಡಬೇಕು. ಕನ್ನಡ ಮಾತ್ರ ಬರುವವರ ಕೈಗೆ ಇಂಗ್ಲಿಷ್ ಹಾಳೆ ಕೊಟ್ಟರೆ, ಕನ್ನಡದಲ್ಲಿ ಕೊಡಿ ಅಂತ ಕೇಳುವ ಹಕ್ಕು ನಿಮಗಿದೆ.

ಮೆಮೊಗೆ ಸಹಿ ಹಾಕಲಾ, ಬೇಡವಾ?

ಓದಿ ಹಾಕಿ. ಓದಲು ಬಾರದವರು ಓದಿಸಿಕೊಂಡು ಕೇಳಿ. ಸಮಯ, ಸ್ಥಳ ತಪ್ಪಿದ್ದರೆ ಸಹಿಯ ಪಕ್ಕದಲ್ಲೇ "ಬೆಳಿಗ್ಗೆ 9.30ಕ್ಕೆ ಮನೆಯಿಂದ ಕರೆತಂದರು" ಅಂತ ಬರೆದುಬಿಡಿ. ಬರೆಯಲು ಬಿಡದಿದ್ದರೆ, ಸಹಿ ಹಾಕುವಾಗಿನ ಸಮಯವನ್ನಾದರೂ ಸಹಿಯ ಕೆಳಗೆ ಹಾಕಿ.

ಖಾಲಿ ಹಾಳೆಗೆ ಮಾತ್ರ ಸಹಿ ಬೇಡ, ಯಾರು ಎಷ್ಟು ಪ್ರೀತಿಯಿಂದ ಕೇಳಿದರೂ. ಮತ್ತೊಂದು ಮಾತು: ತನಿಖೆಯಲ್ಲಿ ಪೊಲೀಸರು ಬರೆದುಕೊಳ್ಳುವ ಹೇಳಿಕೆಗೆ ಹೇಳಿದವರ ಸಹಿ ಇರಬಾರದು ಅಂತ ಸೆಕ್ಷನ್ 181 ಹೇಳುತ್ತದೆ. ಅಂದರೆ ಕೇಳುವುದೇ ತಪ್ಪು.

ಪ್ರತಿ ಕೇಸಿನಲ್ಲೂ ಬಂಧಿಸಲೇಬೇಕಾ?

ಇಲ್ಲ. ಬಂಧಿಸುವ ಅಧಿಕಾರ ಇದೆ ಅನ್ನುವುದು ಬೇರೆ, ಬಂಧಿಸುವ ಅಗತ್ಯ ಇದೆ ಅನ್ನುವುದು ಬೇರೆ. 1994ರ ಜೋಗಿಂದರ್ ಕುಮಾರ್ ತೀರ್ಪಿನ ತಿರುಳೇ ಇದು. ಆ ಜೋಗಿಂದರ್ ಕುಮಾರ್ ಸ್ವತಃ ಒಬ್ಬ ಯುವ ವಕೀಲ, ಕರೆದೊಯ್ದು ದಿನಗಟ್ಟಲೆ ಇಟ್ಟುಕೊಂಡಿದ್ದರು. ವಕೀಲನಿಗೇ ಹಾಗಾದರೆ ಉಳಿದವರ ಗತಿ ಏನು, ಅಲ್ವಾ?

2014ರ ಅರ್ನೇಶ್ ಕುಮಾರ್ ತೀರ್ಪು ಇನ್ನಷ್ಟು ಬಿಗಿ. 7 ವರ್ಷದವರೆಗಿನ ಶಿಕ್ಷೆಯ ಅಪರಾಧಗಳಲ್ಲಿ ಯಾಂತ್ರಿಕವಾಗಿ ಬಂಧಿಸುವಂತಿಲ್ಲ, ಯಾಕೆ ಬೇಕಾಯಿತು ಅಂತ ಬರೆದಿಡಬೇಕು, ಮ್ಯಾಜಿಸ್ಟ್ರೇಟ್ ಕೂಡ ಆ ಕಾರಣ ನೋಡಿಯೇ ರಿಮ್ಯಾಂಡ್, ಅಂದರೆ ಕಸ್ಟಡಿಯಲ್ಲಿಡುವ ಆದೇಶ, ಕೊಡಬೇಕು. ಹೊಸ ಕಾನೂನಿನ ಸೆಕ್ಷನ್ 35(7) ಒಂದು ಒಳ್ಳೆಯ ಮಾತು ಸೇರಿಸಿದೆ. 3 ವರ್ಷಕ್ಕಿಂತ ಕಡಿಮೆ ಶಿಕ್ಷೆಯ ಅಪರಾಧದಲ್ಲಿ 60 ದಾಟಿದವರನ್ನು ಅಥವಾ ಅಶಕ್ತರನ್ನು ಬಂಧಿಸಲು ಡಿವೈಎಸ್‌ಪಿ ದರ್ಜೆಗೆ ಕಡಿಮೆಯಿಲ್ಲದ ಅಧಿಕಾರಿಯ ಅನುಮತಿ ಬೇಕು.

ಜಾಮೀನು ಸಿಗುವ ಅಪರಾಧವಾದರೆ ಠಾಣೆಯಲ್ಲೇ ಜಾಮೀನು ಕೇಳಿ. ಅದು ಅವರು ಮಾಡುವ ಉಪಕಾರ ಅಲ್ಲ, ನಿಮ್ಮ ಹಕ್ಕು.

ಹೆಂಗಸರನ್ನು ರಾತ್ರಿ ಬಂಧಿಸಬಹುದಾ?

ಸೂರ್ಯ ಮುಳುಗಿದ ಮೇಲೆ, ಹುಟ್ಟುವ ಮುಂಚೆ ಬಂಧಿಸುವಂತಿಲ್ಲ. ತೀರಾ ಅಸಾಧಾರಣ ಸಂದರ್ಭವಿದ್ದರೆ ಮಹಿಳಾ ಅಧಿಕಾರಿ ಬರೆದು ಕೇಳಿ, ಪ್ರಥಮ ದರ್ಜೆ ಮ್ಯಾಜಿಸ್ಟ್ರೇಟರ ಅನುಮತಿಯನ್ನು ಮೊದಲೇ ಪಡೆದಿರಬೇಕು. ಮೈ ತಪಾಸಣೆಯನ್ನು ಹೆಂಗಸರೇ ಮಾಡಬೇಕು.

ಹುಡುಗನಿಗೆ 18 ಆಗಿಲ್ಲ. ಲಾಕಪ್ಪಿಗೆ ಹಾಕಿದ್ದಾರೆ.

ಹಾಕುವಂತೆಯೇ ಇಲ್ಲ. 2015ರ ಬಾಲನ್ಯಾಯ ಕಾಯ್ದೆ ಪ್ರಕಾರ ಲಾಕಪ್ಪೂ ಇಲ್ಲ, ಜೈಲೂ ಇಲ್ಲ. ಮಕ್ಕಳ ವಿಷಯ ನೋಡಿಕೊಳ್ಳುವ ಪೊಲೀಸ್ ಅಧಿಕಾರಿಯ ವಶಕ್ಕೆ ಕೊಟ್ಟು, 24 ಗಂಟೆಯೊಳಗೆ ಬಾಲನ್ಯಾಯ ಮಂಡಳಿ ಮುಂದೆ ಹಾಜರುಪಡಿಸಬೇಕು. ವಯಸ್ಸಿನ ದಾಖಲೆ, ಅಂದರೆ ಶಾಲೆಯ ಸರ್ಟಿಫಿಕೇಟ್ ಅಥವಾ ಜನನ ಪ್ರಮಾಣಪತ್ರ ಹಿಡಿದುಕೊಂಡು ಈಗಲೇ ಹೊರಡಿ. ಮಕ್ಕಳ ಸಹಾಯವಾಣಿ 1098ಕ್ಕೂ ಕರೆ ಮಾಡಿ.

ಬೇಡಿ ಹಾಕಿ ರಸ್ತೆಯಲ್ಲಿ ನಡೆಸಿಕೊಂಡು ಹೋದರು. ಸರಿಯಾ?

1980ರ ಪ್ರೇಮ್ ಶಂಕರ್ ಶುಕ್ಲಾ ತೀರ್ಪಿನಿಂದಲೂ ಬೇಡಿ ನಿಯಮವಲ್ಲ, ಅಪವಾದ. ಹೊಸ ಸೆಕ್ಷನ್ 43(3) ಪದೇ ಪದೇ ಅಪರಾಧ ಮಾಡುವವರು, ಕಸ್ಟಡಿಯಿಂದ ತಪ್ಪಿಸಿಕೊಂಡವರು, ಕೊಲೆ, ಅತ್ಯಾಚಾರ, ಭಯೋತ್ಪಾದನೆಯಂಥ ದೊಡ್ಡ ಆರೋಪ ಇರುವವರಿಗೆ ಬೇಡಿ ಹಾಕಲು ದಾರಿ ಮಾಡಿದೆ. ಬೀದಿ ಜಗಳದ ಕೇಸಿಗೆ ಅದು ಹೊಂದುವುದಿಲ್ಲ. ಮೆರವಣಿಗೆ ಮಾಡುವ ಅಧಿಕಾರವನ್ನಂತೂ ಯಾವ ಸೆಕ್ಷನ್ನೂ ಕೊಟ್ಟಿಲ್ಲ.

ಹೊಡೆದರೆ ಏನು ಮಾಡಬೇಕು?

ಬಂಧಿಸಿದ ಕೂಡಲೇ ವೈದ್ಯರು ಪರೀಕ್ಷಿಸಬೇಕು ಅಂತ ಸೆಕ್ಷನ್ 53 ಇದೆ. ಆಸ್ಪತ್ರೆಯಲ್ಲಿ ಪೊಲೀಸರು ಪಕ್ಕದಲ್ಲೇ ನಿಂತಿರುತ್ತಾರೆ, ವೈದ್ಯರು "ಏನಾದರೂ ತೊಂದರೆ ಇದೆಯಾ?" ಅಂತ ಒಂದೇ ಸಲ ಕೇಳುತ್ತಾರೆ. ಆಗ ಹೇಳದಿದ್ದರೆ ಚೀಟಿಯಲ್ಲಿ "ಯಾವುದೇ ಗಾಯಗಳಿಲ್ಲ" ಅಂತ ಬೀಳುತ್ತದೆ. ಅಂಗಾಲು, ಬೆನ್ನು, ತೊಡೆ, ಎಲ್ಲಿ ಪೆಟ್ಟಾಗಿದೆಯೋ ಬಟ್ಟೆ ಸರಿಸಿ ತೋರಿಸಿ. ವರದಿಯ ಪ್ರತಿ ಬಂಧಿತರಿಗೆ ಸಿಗಬೇಕು, ಕೇಳಿ ತೆಗೆದುಕೊಳ್ಳಿ.

ಮರುದಿನ ಮ್ಯಾಜಿಸ್ಟ್ರೇಟ್ ಮುಂದೆ ಅದನ್ನೇ ಹೇಳಿ. ಅಲ್ಲಿ ಅಳುಕಿ ಸುಮ್ಮನಾಗುವವರೇ ಜಾಸ್ತಿ, ಯಾಕೆಂದರೆ ಹೊಡೆದವರೇ ಹಿಂದೆ ನಿಂತಿರುತ್ತಾರೆ. ಆದರೂ ಹೇಳಿ. ತಪ್ಪೊಪ್ಪಿಗೆಗಾಗಿ ಹೊಡೆದು ಗಾಯ ಮಾಡುವುದು ಭಾರತೀಯ ನ್ಯಾಯ ಸಂಹಿತೆಯ ಸೆಕ್ಷನ್ 120ರಲ್ಲಿ 7 ವರ್ಷದವರೆಗೆ ಶಿಕ್ಷೆಯ ಅಪರಾಧ. ಗಂಭೀರ ಗಾಯವಾದರೆ 10 ವರ್ಷದವರೆಗೆ.

ಇನ್ನು ಸಿಸಿಟಿವಿ. 2020ರ ಡಿಸೆಂಬರ್‌ನಲ್ಲಿ ಪರಮವೀರ್ ಸಿಂಗ್ ಸೈನಿ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್, ಪ್ರತಿ ಠಾಣೆಯ ಬಾಗಿಲು, ಲಾಕಪ್, ಕಾರಿಡಾರ್, ಇನ್‌ಸ್ಪೆಕ್ಟರ್ ಕೋಣೆಗಳಲ್ಲೆಲ್ಲ ಕ್ಯಾಮೆರಾ ಇರಬೇಕು, ದೃಶ್ಯವನ್ನು 18 ತಿಂಗಳು ಉಳಿಸಬೇಕು, ಅಂಥ ಉಪಕರಣ ಸಿಗದಿದ್ದರೆ 1 ವರ್ಷವಾದರೂ ಇಡಬೇಕು ಅಂದಿತು. "ಕ್ಯಾಮೆರಾ ಕೆಟ್ಟಿತ್ತು" ಅನ್ನುವ ಉತ್ತರ ಎಲ್ಲರಿಗೂ ಗೊತ್ತಿರುವುದೇ. ಹಾಗಾಗಿ ತಡ ಮಾಡದೆ, ಇಂಥ ದಿನ ಇಷ್ಟು ಗಂಟೆಯಿಂದ ಇಷ್ಟು ಗಂಟೆಯ ದೃಶ್ಯ ಅಳಿಸಬೇಡಿ ಅಂತ ವಕೀಲರ ಮೂಲಕ ಕೋರ್ಟಿಗೆ ಅರ್ಜಿ ಕೊಡಿಸಿ. ಮೊದಲು ಬರೆದಿಟ್ಟುಕೊಂಡ ಸಮಯ ಇಲ್ಲಿ ಕೆಲಸಕ್ಕೆ ಬರುತ್ತದೆ.

ಠಾಣೆಯಲ್ಲಿ ಒಪ್ಪಿಕೊಂಡುಬಿಟ್ಟೆ. ಮುಗಿಯಿತಾ?

ಮುಗಿದಿಲ್ಲ. ಪೊಲೀಸರ ಮುಂದೆ ಮಾಡಿದ ತಪ್ಪೊಪ್ಪಿಗೆ ಸಾಕ್ಷ್ಯವಾಗುವುದಿಲ್ಲ. ಇದು ಭಾರತೀಯ ಸಾಕ್ಷ್ಯ ಅಧಿನಿಯಮದ ಸೆಕ್ಷನ್ 23. ಒಂದು ತೂತು ಇದೆ: ನೀವು ಹೇಳಿದ ಮಾಹಿತಿಯಿಂದ ಚಾಕುವೋ ಒಡವೆಯೋ ಸಿಕ್ಕರೆ, ಆ ವಸ್ತುವಿಗೆ ಸಂಬಂಧಿಸಿದಷ್ಟು ಮಾತನ್ನು ಕೋರ್ಟ್ ನೋಡುತ್ತದೆ. ತನ್ನ ವಿರುದ್ಧ ತಾನೇ ಸಾಕ್ಷಿ ಹೇಳುವಂತೆ ಯಾರನ್ನೂ ಬಲವಂತ ಮಾಡಬಾರದು ಅಂತ 20(3)ನೇ ವಿಧಿ ಇದೆ. ಮಂಪರು ಪರೀಕ್ಷೆ, ಸುಳ್ಳು ಪತ್ತೆ ಪರೀಕ್ಷೆಗಳನ್ನು ಒಪ್ಪಿಗೆ ಇಲ್ಲದೆ ಮಾಡುವಂತಿಲ್ಲ ಅಂತ 2010ರಲ್ಲಿ ಸೆಲ್ವಿ ಪ್ರಕರಣದಲ್ಲಿ ತೀರ್ಮಾನವಾಗಿದೆ. ಅದು ಕರ್ನಾಟಕದಿಂದ ಹೋದ ಕೇಸು.

ವಕೀಲರನ್ನು ಒಳಗೆ ಬಿಡುತ್ತಾರಾ? ದುಡ್ಡಿಲ್ಲದಿದ್ದರೆ?

ವಿಚಾರಣೆ ನಡೆಯುವಾಗ ವಕೀಲರನ್ನು ಭೇಟಿ ಮಾಡುವ ಹಕ್ಕು ಸೆಕ್ಷನ್ 38ರಲ್ಲಿದೆ. ಪೂರ್ತಿ ಹೊತ್ತು ಪಕ್ಕದಲ್ಲಿ ಕೂರಿಸಿಕೊಳ್ಳುವ ಹಕ್ಕಲ್ಲ, ಅದನ್ನೂ ತಿಳಿದಿರಿ. ಕಸ್ಟಡಿಯಲ್ಲಿರುವವರಿಗೆ ಆದಾಯದ ಮಿತಿ ನೋಡದೆ ಉಚಿತ ವಕೀಲರನ್ನು ಕೊಡಬೇಕು ಅಂತ 1987ರ ಕಾನೂನು ಸೇವಾ ಪ್ರಾಧಿಕಾರಗಳ ಕಾಯ್ದೆ ಹೇಳುತ್ತದೆ. ಸಹಾಯವಾಣಿ 15100.

ಮ್ಯಾಜಿಸ್ಟ್ರೇಟ್ ಮುಂದೆ ಒಂದೆರಡು ನಿಮಿಷ ಸಿಗುತ್ತದೆ ಅಷ್ಟೇ. ಏನು ಹೇಳಲಿ?

ಕೇಸಿನ ಕಥೆ ಬೇಡ. ಎಷ್ಟು ಹೊತ್ತಿಗೆ ಹಿಡಿದರು, ಕಾರಣ ಬರೆದು ಕೊಟ್ಟರೋ ಇಲ್ಲವೋ, ಮನೆಯವರಿಗೆ ತಿಳಿಸಿದರೋ ಇಲ್ಲವೋ, ಹೊಡೆದರೋ ಇಲ್ಲವೋ, ವಕೀಲರು ಇದ್ದಾರೋ ಇಲ್ಲವೋ. ಈ ಐದೇ. ಹೇಳಿದ್ದನ್ನು ಬರೆದುಕೊಳ್ಳಿ ಅಂತ ಕೇಳಿಕೊಳ್ಳಿ.

ಎಲ್ಲಿಟ್ಟಿದ್ದಾರೆ ಅಂತಲೇ ಗೊತ್ತಾಗುತ್ತಿಲ್ಲ.

ಪ್ರತಿ ಠಾಣೆಯಲ್ಲೂ ಜಿಲ್ಲೆಯಲ್ಲೂ ಬಂಧಿತರ ವಿವರ ಇಟ್ಟುಕೊಳ್ಳಲು ಎಎಸ್‌ಐ ದರ್ಜೆಗೆ ಕಡಿಮೆಯಿಲ್ಲದ ಒಬ್ಬ ಅಧಿಕಾರಿ ಇರಬೇಕು, ಹೆಸರುಗಳು ಕಾಣುವಂತೆ ಹಾಕಿರಬೇಕು. ಇದು ಸೆಕ್ಷನ್ 37. ಮೊದಲು ಅಲ್ಲಿ ಕೇಳಿ. "ನಮ್ಮಲ್ಲಿ ಇಲ್ಲ" ಅಂದರೆ ಬರೆದು ಕೊಡಿ ಅನ್ನಿ. ಕೊಡುವುದು ಅಪರೂಪ, ಆದರೆ ಕೇಳಿದ ಮೇಲೆ ಎಷ್ಟೋ ಸಲ ಆಸಾಮಿ ಇದ್ದಕ್ಕಿದ್ದಂತೆ "ಸಿಗುತ್ತಾರೆ". ಆಗಲೂ ಸಿಗದಿದ್ದರೆ ಹೈಕೋರ್ಟಿನಲ್ಲಿ 226ನೇ ವಿಧಿಯಡಿ ಹೇಬಿಯಸ್ ಕಾರ್ಪಸ್ ಅರ್ಜಿ. ಆ ವ್ಯಕ್ತಿಯನ್ನು ಕೋರ್ಟಿನ ಮುಂದೆ ತಂದು ನಿಲ್ಲಿಸಿ ಅಂತ ಕೇಳುವ ಅರ್ಜಿ ಇದು. ತಂದೆ, ತಾಯಿ, ಹೆಂಡತಿ, ಸ್ನೇಹಿತರು ಯಾರು ಬೇಕಾದರೂ ಹಾಕಬಹುದು.

ತಪ್ಪು ಅವರದ್ದೇ. ತಳ್ಳಿ ಓಡಿಬಿಟ್ಟರೆ?

ಬೇಡವೇ ಬೇಡ. ಈಗಿರುವ ಸುಳ್ಳು ಕೇಸಿನ ಜೊತೆಗೆ ಕರ್ತವ್ಯಕ್ಕೆ ಅಡ್ಡಿಪಡಿಸಿದ ನಿಜವಾದ ಕೇಸೊಂದು ಸೇರುತ್ತದೆ. ಜಗಳ ಆಮೇಲೆ, ಕಾಗದದ ಮೇಲೆ.

ಬಂಧನ ಅಕ್ರಮ ಅಂತ ಸಾಬೀತಾದರೆ ಏನು ಸಿಗುತ್ತದೆ?

ಬಿಡುಗಡೆ. ಕೇಸು ತಾನಾಗಿ ಬಿದ್ದು ಹೋಗುವುದಿಲ್ಲ, ಅದು ಬೇರೆ ನಡೆಯುತ್ತದೆ. ಪರಿಹಾರವೂ ಸಿಕ್ಕಿದ್ದಿದೆ. ಅಧಿವೇಶನಕ್ಕೆ ಹೊರಟಿದ್ದ ಜಮ್ಮು ಕಾಶ್ಮೀರದ ಶಾಸಕ ಭೀಮ್ ಸಿಂಗ್ ಅವರನ್ನು ಹಿಡಿದಿಟ್ಟದ್ದಕ್ಕೆ 1985ರಲ್ಲಿ ಸುಪ್ರೀಂ ಕೋರ್ಟ್ 50,000 ರೂಪಾಯಿ ಕೊಡಿಸಿತು. ಕಸ್ಟಡಿಯಲ್ಲಿ ಮಗನನ್ನು ಕಳೆದುಕೊಂಡ ಒಡಿಶಾದ ನೀಲಾಬತಿ ಬೆಹೆರಾ ಅವರಿಗೆ 1993ರಲ್ಲಿ 1,50,000 ರೂಪಾಯಿ. ಕಾರಣವಿಲ್ಲದೆ ಬಂಧನವಾಗುವಂತೆ ಮಾಡಿದವರಿಂದ ಮ್ಯಾಜಿಸ್ಟ್ರೇಟ್ ಕೊಡಿಸಬಹುದಾದ ಪರಿಹಾರ ಸೆಕ್ಷನ್ 399ರಲ್ಲಿ ಎಷ್ಟು ಗೊತ್ತಾ? ಹೆಚ್ಚೆಂದರೆ 1,000 ರೂಪಾಯಿ. ಹೊಸ ಕಾನೂನು ಬರೆದವರೂ ಈ ಮೊತ್ತವನ್ನು ಹಾಗೇ ಬಿಟ್ಟಿದ್ದಾರೆ. ದೊಡ್ಡ ಪರಿಹಾರ ಬೇಕಾದರೆ ಹೈಕೋರ್ಟೇ ಗತಿ.

ದೂರು ಕೊಡಲು ರಾಜ್ಯ ಪೊಲೀಸ್ ದೂರು ಪ್ರಾಧಿಕಾರ ಇದೆ, ಮಾನವ ಹಕ್ಕುಗಳ ಆಯೋಗ ಇದೆ. ಆಯೋಗಕ್ಕೆ ಘಟನೆಯಾದ 1 ವರ್ಷದೊಳಗೆ ಹೋಗಬೇಕು, ಆಮೇಲೆ ತೆಗೆದುಕೊಳ್ಳುವುದಿಲ್ಲ. ದೂರಿನ ಜೊತೆ ಮೆಮೊ ಪ್ರತಿ, ವೈದ್ಯರ ವರದಿ, ಕಾಲ್ ಲಿಸ್ಟ್, ಕಳಿಸಿದ ಇಮೇಲ್ ಇಡಿ.

ವಿಡಿಯೊ ಕಾಲ್‌ನಲ್ಲಿ "ಡಿಜಿಟಲ್ ಅರೆಸ್ಟ್ ಮಾಡಿದ್ದೇವೆ, ಕ್ಯಾಮೆರಾ ಮುಂದಿಂದ ಏಳಬೇಡ" ಅಂತಿದ್ದಾರೆ.

ಕಟ್ ಮಾಡಿ. ಅಂಥ ಬಂಧನ ಯಾವ ಕಾನೂನಿನಲ್ಲೂ ಇಲ್ಲ. ದುಡ್ಡು ಕಳಿಸಿಬಿಟ್ಟಿದ್ದರೆ ಈ ನಿಮಿಷವೇ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಫೋನ್ ಮಾಡಿ.